ವೋಟು ಎಣಿಸುವ ರೀತಿ ಬದಲಾದ್ರೆ ಕರಾವಳಿಯ ಪ್ರಚಾರ ಬದಲಾಗ್ತದಾ?

ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ ಅಂತ ಕೇಂದ್ರ ಸರ್ಕಾರ 2025ರ ಜೂನಲ್ಲೇ ಪ್ರಕಟಿಸಿದೆ, ಅದರ ಬೆನ್ನಿಗೇ ಡಿಲಿಮಿಟೇಶನ್ ಅಂದ್ರೆ ಕ್ಷೇತ್ರ ಮರುವಿಂಗಡಣೆಯ ಮಾತು ಜೋರಾಗಿದೆ. 2001ರಲ್ಲಿ ಮಾಡಿದ ಸಂವಿಧಾನದ 84ನೇ ತಿದ್ದುಪಡಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುದನ್ನು 2026ರ ನಂತರದ ಮೊದಲ ಜನಗಣತಿ ತನಕ ಬದಲಿಸದ ಹಾಗೆ ತಡೆದಿಟ್ಟಿತ್ತು, ರಾಜ್ಯದ ಒಳಗಿನ ಗಡಿ ಮಾತ್ರ 2008ರಲ್ಲಿ ಬದಲಾಯ್ತು. ಹಾಗಾಗಿ ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ನಮ್ಮ ಕ್ಷೇತ್ರ ಎಂತ ಆಗ್ತದೆ, ಯಾರ ವೋಟು ಎಲ್ಲಿಗೆ ಹೋಗ್ತದೆ, ಇನ್ನಾದ್ರೂ ಈ ಧರ್ಮ ಜಾತಿಯ ಪ್ರಚಾರ ನಿಲ್ತದಾ ಅಂತೆಲ್ಲ ಮೆಸೇಜುಗಳು. ಇದ್ರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿ ಕಲಸುಮೇಲೋಗರ ಆಗಿದೆ, ಮೊದ್ಲು ಅದನ್ನು ಬಿಡಿಸ್ಬೇಕು.

ಗಡಿ ಬೇರೆ, ಎಣಿಕೆ ಬೇರೆ

ಡಿಲಿಮಿಟೇಶನ್ ಮಾಡುದು ಎಲ್ಲಿಗೆ ಎಷ್ಟು ಸೀಟು ಅಂತ ಹಂಚಿ ಗಡಿ ಎಳೆಯುವ ಕೆಲಸ ಮಾತ್ರ. 2008ಕ್ಕಿಂತ ಮುಂಚೆ ದಕ್ಷಿಣ ಕನ್ನಡದಲ್ಲಿ 9, ಉಡುಪಿಯಲ್ಲಿ 6, ಒಟ್ಟು 15 ವಿಧಾನಸಭಾ ಕ್ಷೇತ್ರ ಇತ್ತು, ಈಗ 13. ವಿಟ್ಲ ಮತ್ತೆ ಬ್ರಹ್ಮಾವರ ಮ್ಯಾಪಿಂದಲೇ ಹೋಯ್ತು, ವಿಟ್ಲ ಪೇಟೆ ಈಗ ಪುತ್ತೂರು ಕ್ಷೇತ್ರದ ಒಳಗುಂಟು. ಸುರತ್ಕಲ್ ಹೋಗಿ ಮಂಗಳೂರು ನಗರ ಉತ್ತರ ಆಯ್ತು, ಉಳ್ಳಾಲ ಹೋಗಿ ಮಂಗಳೂರು ಆಯ್ತು. ಇಷ್ಟೆಲ್ಲ ಬದಲಾದ್ರೂ ಗೆಲ್ಲುವ ರೂಲ್ ಬದಲಾಗ್ಲಿಲ್ಲ: ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಜಾಸ್ತಿ ವೋಟು ಯಾರಿಗೆ ಬಿತ್ತೋ ಅವ್ರು ಗೆದ್ರು, ಅರ್ಧಕ್ಕಿಂತ ಜಾಸ್ತಿ ಬೇಕು ಅಂತ ಎಲ್ಲೂ ಇಲ್ಲ.

ಪ್ರಚಾರ ಹೇಗೆ ನಡೀತದೆ, ಯಾರನ್ನು ಬೈತಾರೆ, ಯಾರ ಮನೆ ಬಾಗಿಲಿಗೆ ಹೋಗ್ತಾರೆ, ಯಾರನ್ನು ಪೂರ್ತಿ ಬಿಟ್ಟುಬಿಡ್ತಾರೆ ಅನ್ನುದೆಲ್ಲ ತುಂಬ ಮಟ್ಟಿಗೆ ಈ ಎರಡನೇ ವಿಷಯದ ಮೇಲೆ ನಿಂತಿದೆ, ಅದ್ರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗುದಿಲ್ಲ. ಕರಾವಳಿಯ ರಾಜಕೀಯ ಕೋಮುವಾದಿ ಆದದ್ದು ಇಲ್ಲಿಯ ಜನ ಹಾಗೆ ಇರುದ್ರಿಂದ ಅಂತ ಹೇಳಿಬಿಡುದು ಸುಲಭ, ಆದ್ರೆ ಗೆಲ್ಲಲಿಕ್ಕೆ ಯಾರ ವೋಟು ಬೇಕು, ಯಾರದ್ದು ಬೇಡ ಅಂತ ಪಾರ್ಟಿಗಳು ಹಾಕುವ ಲೆಕ್ಕವನ್ನು ನೋಡದೆ ಹಾಗೆ ಹೇಳುದು ಅರ್ಧ ಸತ್ಯ ಆಗ್ತದೆ.

ಅದೇ 36 ಪರ್ಸೆಂಟ್

ರಾಜ್ಯದ ಲೆಕ್ಕವನ್ನೇ ಮೊದ್ಲು ನೋಡುವ. 2018ರಲ್ಲಿ ಬಿಜೆಪಿಗೆ ಸುಮಾರು 36% ವೋಟು ಬಂತು, ಸೀಟು 104. 2023ರಲ್ಲೂ ಬಿಜೆಪಿಗೆ ಸುಮಾರು 36 ಪರ್ಸೆಂಟೇ ಬಂದದ್ದು, ಆದ್ರೆ ಸೀಟು 66. ಇನ್ನೊಂದು ಕಡೆ 2018ರಲ್ಲಿ ಕಾಂಗ್ರೆಸ್ಸಿಗೆ 38%, ಅಂದ್ರೆ ಬಿಜೆಪಿಗಿಂತ ಜಾಸ್ತಿ ವೋಟು, ಆದ್ರೆ ಸೀಟು 80ರಷ್ಟೇ. 2023ಕ್ಕೆ ಅವ್ರದ್ದು ಸುಮಾರು 43% ಆಯ್ತು, ಸೀಟು 135ಕ್ಕೆ ಹಾರಿತು. ಇದು ವೋಟಿಂಗ್ ಮೆಷಿನಿನ ಕರಾಮತ್ತು ಅಂತ ಹೇಳುವವರಿದ್ದಾರೆ, ಇದಕ್ಕೆ ಮೆಷಿನ್ ಬೇಕಾಗುದೇ ಇಲ್ಲ, ಲೆಕ್ಕದ ರೀತಿಯೇ ಸಾಕು. ವೋಟು ಎಷ್ಟು ಬಿತ್ತು ಅನ್ನುದಕ್ಕಿಂತ ಎಲ್ಲಿ ಬಿತ್ತು, ಎದುರಿನವರ ವೋಟು ಎಷ್ಟು ಹೋಳಾಯ್ತು ಅನ್ನುದು ಇಲ್ಲಿ ಮುಖ್ಯ ಆಗ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿಗೆ ದೇಶದಲ್ಲಿ 4%ಕ್ಕಿಂತ ಸ್ವಲ್ಪ ಜಾಸ್ತಿ ವೋಟು ಬಿದ್ದಿತ್ತು, ಸೀಟು ಒಂದೂ ಇಲ್ಲ.

ಹಾಗಾದ್ರೆ ಪಾರ್ಟಿಗಳು ಕಲಿಯುವ ಪಾಠ ಎರಡು, ನಮ್ಮ ವೋಟು ಒಡೀಬಾರ್ದು, ಎದುರಿನವರದ್ದು ಒಡೀಬೇಕು. ಪ್ರಚಾರದ ಮುಕ್ಕಾಲು ಪಾಲು ಈ ಎರಡರಲ್ಲೇ ಮುಗೀತದೆ.

ಪುತ್ತೂರಲ್ಲಿ 2023ಕ್ಕೆ ಆದದ್ದು

ಇದನ್ನು ಹತ್ತಿರದಿಂದ ನೋಡ್ಬೇಕಾದ್ರೆ ಪುತ್ತೂರಿಗಿಂತ ಒಳ್ಳೆ ಉದಾಹರಣೆ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಅವರಿಗೆ 66,607, ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರ ನಿಂತ ಅರುಣ್ ಕುಮಾರ್ ಪುತ್ತಿಲ ಅವರಿಗೆ 62,458, ಬಿಜೆಪಿಯ ಆಶಾ ತಿಮ್ಮಪ್ಪ ಅವರಿಗೆ 37,558 ವೋಟು. ಈ ಮೂರನ್ನು ಸೇರಿಸಿದ್ರೆ 1,66,623, ಅದ್ರಲ್ಲಿ ಗೆದ್ದವರದ್ದು 40%, ಹಿಂದುತ್ವದ ಹೆಸರಲ್ಲಿ ಕೇಳಿದ ಇಬ್ಬರದ್ದು ಸೇರಿಸಿದ್ರೆ 60%. ಅಂತರ 4,149.

ಈ ಒಂದು ರಿಸಲ್ಟಿನಿಂದ ಎರಡೂ ಕಡೆಯವ್ರು ಎಂತ ಕಲ್ತರು ನೋಡಿ. 2024ರ ಲೋಕಸಭಾ ಚುನಾವಣೆಗೆ ಮುಂಚೆ ಪುತ್ತಿಲ ಅವರನ್ನು ಬಿಜೆಪಿ ಒಳಗೆ ಸೇರಿಸಿಕೊಂಡಿತು, ಯಾಕಂದ್ರೆ ಈ ರೂಲಿನಲ್ಲಿ ಮನೆಯೊಳಗಿನ ಜಗಳಕ್ಕೆ ಬೆಲೆ ಕಟ್ಟುದು ಸೀಟಿನಲ್ಲೇ. ಕಾಂಗ್ರೆಸ್ಸಿಗೆ ಸಿಕ್ಕಿದ ಪಾಠ ಬೇರೆ, ಎದುರಿನ ಕಡೆ ಒಡೆದ್ರೆ ಮಾತ್ರ ಇಲ್ಲಿ ಗೆಲ್ಬಹುದು, ಹಾಗಾಗಿ ಎದುರಿನ ಕಡೆಯ ಬೇಸರದಲ್ಲಿ ಇರುವವರನ್ನು ಹುಡುಕ್ಬೇಕು. ರೈಯವರೇ ಮೊದ್ಲು ಬಿಜೆಪಿಯಲ್ಲಿದ್ದವರು ಅನ್ನುದನ್ನು ಇದ್ರ ಜೊತೆ ನೆನಪಿಟ್ಕೊಳ್ಳಿ.

ಪ್ರಾಶಸ್ತ್ಯದ ವೋಟು ಇದ್ದಿದ್ರೆ, ಅಂದ್ರೆ ಮತದಾರ ಒಬ್ಬರಿಗೆ 1, ಇನ್ನೊಬ್ಬರಿಗೆ 2 ಅಂತ ಬರೆಯುವ ಪದ್ಧತಿ ಇದ್ದಿದ್ರೆ? ಮೂರನೇ ಸ್ಥಾನದ ಬಿಜೆಪಿ ಅಭ್ಯರ್ಥಿ ಮೊದಲು ಹೊರಗೆ, ಅವರ 37,558 ಬ್ಯಾಲೆಟಲ್ಲಿ 2 ಯಾರಿಗೆ ಬರೆದಿದ್ದಾರೆ ಅಂತ ನೋಡ್ತಾರೆ, ತುಂಬ ಜನ ಪುತ್ತಿಲ ಅವರಿಗೆ ಬರೀತಿದ್ರು ಅಂತ ಊಹಿಸ್ಲಿಕ್ಕೆ ಕಷ್ಟ ಇಲ್ಲ, ಅವ್ರು ಗೆಲ್ತಿದ್ರು. ಈ ಪದ್ಧತಿ ಬಂದ್ರೆ ಎಲ್ಲರೂ ಎಲ್ಲರ ಹತ್ರ ಚೆನ್ನಾಗಿ ಮಾತಾಡ್ತಾರೆ ಅಂತ ಪುಸ್ತಕದಲ್ಲಿ ಹೇಳ್ತಾರೆ, ಆದ್ರೆ ಪುತ್ತೂರಲ್ಲಿ ಆಗ್ತಿದ್ದದ್ದು ಬಿಜೆಪಿ ಮತ್ತೆ ಪುತ್ತಿಲ ಬಣ ಒಬ್ರನ್ನೊಬ್ರು ಬೈಯುದು ಕಮ್ಮಿ ಆಗ್ತಿತ್ತು, ಅಷ್ಟೇ. ಅಲ್ಪಸಂಖ್ಯಾತರ ಎರಡನೇ ವೋಟು ಅವರಿಗೆ ಬೇಕಾಗ್ತಾನೇ ಇರ್ಲಿಲ್ಲ, ಒಂದು ಕಡೆಯದ್ದೇ 60% ಇರುವಾಗ ಇನ್ನೊಂದು ಕಡೆಗೆ ಯಾಕೆ ಹೋಗ್ತಾರೆ? ಚುನಾವಣಾ ಸುಧಾರಣೆ ಬೇಕು ಅಂತ ಹೇಳುವ ಹೆಚ್ಚಿನವ್ರು ಈ ಜಾಗದಲ್ಲಿ ಎಡವ್ತಾರೆ. ಒಂದೇ ಸೀಟು ಇರುವ ತನಕ, ಒಂದು ಗುಂಪು ತಾನಾಗಿಯೇ ಅರ್ಧ ದಾಟುವ ಜಾಗದಲ್ಲಿ, 1, 2, 3 ಬರೆಸಿದ ಮಾತ್ರಕ್ಕೆ ಪ್ರಚಾರ ಮೆತ್ತಗಾಗುದಿಲ್ಲ.

ಪೈಪೋಟಿ ಇರುವ ವೋಟಿಗೆ ಮಾತ್ರ ಮರ್ಯಾದೆ

2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ ಹಿಂದೂಗಳು 67%, ಮುಸ್ಲಿಮರು 24%, ಕ್ರೈಸ್ತರು 8%ದಷ್ಟು. ಉಡುಪಿಯಲ್ಲಿ ಹಿಂದೂಗಳು 85%ಕ್ಕಿಂತ ಜಾಸ್ತಿ, ಮುಸ್ಲಿಮರು 8%ದಷ್ಟು. ಮುಸ್ಲಿಂ ವೋಟು ಒಂದೇ ಕಡೆ ದಟ್ಟವಾಗಿ ಇರುದು ಮಂಗಳೂರು, ಅಂದ್ರೆ ಹಳೆ ಉಳ್ಳಾಲ ಕ್ಷೇತ್ರದಲ್ಲಿ. 2018ರಲ್ಲಿ ಬಿಜೆಪಿ 13ರಲ್ಲಿ 12 ಗೆದ್ದಾಗಲೂ ಆ ಒಂದು ಸೀಟು ಕಾಂಗ್ರೆಸ್ಸಿನ ಯು.ಟಿ. ಖಾದರ್ ಅವರ ಕೈಯಲ್ಲೇ ಉಳೀತು. ಉಳಿದ ಕಡೆ ಆ ವೋಟು ಚದುರಿ ಹೋಗಿದೆ. ಆ ವೋಟು ಹೇಗೂ ತನಗೆ ಬರುದಿಲ್ಲ ಅಂತ ಒಂದು ಪಾರ್ಟಿಗೆ ಗೊತ್ತು, ಎಲ್ಲಿಗೂ ಹೋಗುದಿಲ್ಲ ಅಂತ ಇನ್ನೊಂದಕ್ಕೆ ಗೊತ್ತು. ಬರದ ವೋಟನ್ನು ಬೈದ್ರೆ ನಷ್ಟ ಇಲ್ಲ, ಹೋಗದ ವೋಟಿಗೆ ದುಡಿಯದಿದ್ರೂ ನಷ್ಟ ಇಲ್ಲ. 2023ರಲ್ಲಿ ಬಿಜೆಪಿ ರಾಜ್ಯದಲ್ಲಿ ಒಬ್ಬ ಮುಸ್ಲಿಂ ಅಭ್ಯರ್ಥಿಗೂ ಟಿಕೆಟ್ ಕೊಡ್ಲಿಲ್ಲ. ಕಾಂಗ್ರೆಸ್ಸಿನವ್ರು ಕರಾವಳಿಯಲ್ಲಿ ಮುಸ್ಲಿಂ ಮೊಹಲ್ಲಾಗಳ ವಿಷಯ ವೇದಿಕೆಯಲ್ಲಿ ಎತ್ತಲಿಕ್ಕೆ ಹಿಂದೆಮುಂದೆ ನೋಡ್ತಾರೆ, ಎತ್ತಿದ್ರೆ ಎದುರಿನವರ ವೋಟು ಒಟ್ಟಾಗ್ತದೆ ಅನ್ನುವ ಹೆದರಿಕೆ. ಅದೇ ಮುಸ್ಲಿಂ ವೋಟಿಗೆ ಪೈಪೋಟಿ ಮಾಡುವ ಎಸ್‌ಡಿಪಿಐ ಪಾರ್ಟಿ ಕಣದಲ್ಲಿ ಇದ್ದಾಗ ಮಾತ್ರ ಅವ್ರಿಗೆ ಬಿಸಿ ತಟ್ಟುದು.

ಇದಕ್ಕೆ ತದ್ವಿರುದ್ಧ ಬಿಲ್ಲವರ ವೋಟು. ಅದು ಎರಡೂ ಕಡೆಗೆ ಹೋಗಬಹುದಾದ ವೋಟು, ಹಾಗಾಗಿ ಎರಡೂ ಕಡೆಯವ್ರು ಬೆನ್ನು ಬಿದ್ದಿದ್ದಾರೆ. 2024ರ ಲೋಕಸಭೆಗೆ ದಕ್ಷಿಣ ಕನ್ನಡದಲ್ಲಿ ಬಿಜೆಪಿ ಬಂಟ ಸಮುದಾಯದ ಬ್ರಿಜೇಶ್ ಚೌಟ ಅವರನ್ನು ನಿಲ್ಲಿಸಿತು, ಕಾಂಗ್ರೆಸ್ ಬಿಲ್ಲವ ಸಮುದಾಯದ ಪದ್ಮರಾಜ್ ಪೂಜಾರಿ ಅವರನ್ನು. ಉಡುಪಿ-ಚಿಕ್ಕಮಗಳೂರಲ್ಲಿ ಸರಿಯಾಗಿ ಉಲ್ಟಾ, ಬಿಜೆಪಿಯಿಂದ ಬಿಲ್ಲವರಾದ ಕೋಟ ಶ್ರೀನಿವಾಸ ಪೂಜಾರಿ, ಕಾಂಗ್ರೆಸ್ಸಿಂದ ಬಂಟರಾದ ಜಯಪ್ರಕಾಶ್ ಹೆಗ್ಡೆ. ಪ್ರಧಾನಿ ಮೋದಿ 2024ರ ಏಪ್ರಿಲಲ್ಲಿ ಮಂಗಳೂರಿನ ರೋಡ್ ಶೋ ಶುರು ಮಾಡಿದ್ದು ಲೇಡಿಹಿಲ್‌ನ ನಾರಾಯಣ ಗುರು ವೃತ್ತದಲ್ಲಿ ಬಿಲ್ಲವರು ಪೂಜಿಸುವ ಗುರುಗಳ ಪ್ರತಿಮೆಗೆ ಹಾರ ಹಾಕಿ. ಗಣರಾಜ್ಯೋತ್ಸವದ ಪರೇಡಿಗೆ ಕೇರಳ ಕೊಟ್ಟ ನಾರಾಯಣ ಗುರು ಟ್ಯಾಬ್ಲೋವನ್ನು ತಿರಸ್ಕರಿಸಿದ್ದನ್ನು ಕಾಂಗ್ರೆಸ್ 2022ರಲ್ಲಿ ದೊಡ್ಡ ವಿಷಯ ಮಾಡಿತ್ತು.

ಅಂದ್ರೆ ಇಲ್ಲಿ ಒಂದು ಪಾರ್ಟಿಗೆ ಧರ್ಮದ ಛತ್ರಿ ದೊಡ್ಡದಾಗಿ ಬಿಡಿಸಿದ್ರೆ ಲಾಭ, ಇನ್ನೊಂದಕ್ಕೆ ಆ ಛತ್ರಿ ಕೆಳಗಿನ ಜಾತಿ ಜಾತಿ ನಡುವಿನ ಬಿರುಕು ತೋರಿಸಿದ್ರೆ ಲಾಭ. ಎರಡೂ ಒಂದೇ ರೂಲಿನಿಂದ ಹುಟ್ಟಿದ ತಂತ್ರ. ರಸ್ತೆ, ಮೀನುಗಾರಿಕೆ ಬಂದರು, ಕೆಲಸ ಹುಡುಕಿ ಬೆಂಗಳೂರಿಗೂ ಗಲ್ಫಿಗೂ ಹೋಗುವ ಮಕ್ಕಳು, ಅಡಿಕೆಯ ಹಳದಿ ಎಲೆ ರೋಗ, ಇದೆಲ್ಲ ಭಾಷಣದ ಕೊನೆಯ ಹತ್ತು ನಿಮಿಷಕ್ಕೆ ಹೋಗ್ತದೆ, ಅದು ನಿಜವಾಗ್ಲೂ ಬೇಸರದ ವಿಷಯ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. 2023ರ ಮೇ 2ಕ್ಕೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ನಿಷೇಧದ ಮಾತಿನ ಜೊತೆ ಬಜರಂಗ ದಳದ ಹೆಸರು ಬಂತು, ಮರುದಿನ ಮೂಲ್ಕಿಯ ಸಭೆಯಲ್ಲಿ ಮೋದಿ ಬಜರಂಗ ಬಲಿಗೆ ಜೈಕಾರ ಹಾಕಿದ್ರು. ಕರಾವಳಿಯ ಕಾಂಗ್ರೆಸ್ ಅಭ್ಯರ್ಥಿಗಳಿಗೆ ಆ ಸಾಲು ತಲೆನೋವು, ಆದ್ರೆ ಹಳೆ ಮೈಸೂರು ಕಡೆ ಜೆಡಿಎಸ್ ಜೊತೆ ಇದ್ದ ಮುಸ್ಲಿಂ ವೋಟು ಕಾಂಗ್ರೆಸ್ಸಿಗೆ ತಿರುಗ್ಲಿಕ್ಕೆ ಅದು ಸಹಾಯ ಮಾಡಿತು ಅಂತ ವಿಶ್ಲೇಷಣೆ ಮಾಡಿದವರಿದ್ದಾರೆ. ಅದು ಹೌದಾದ್ರೆ, ಹೇಗೂ ಸೋಲುವ ಜಾಗವನ್ನು ಬಿಟ್ಟುಕೊಟ್ಟು ಬೇರೆ ಕಡೆ ಗೆಲ್ಲುದು ಈ ಪದ್ಧತಿಯಲ್ಲಿ ಜಾಣತನ ಆಗ್ತದೆ. ಬಿಟ್ಟುಕೊಟ್ಟ ಜಾಗದಲ್ಲಿ ಬದುಕುವ ಜನರ ಗತಿ ಬೇರೆ ಪ್ರಶ್ನೆ.

1, 2, 3 ಬರೆಯುವ ಬ್ಯಾಲೆಟ್ ನಮ್ಮಲ್ಲೇ ಉಂಟು

ಪ್ರಾಶಸ್ತ್ಯದ ಮತ ಅಂದ ಕೂಡ್ಲೆ ಇದು ಯಾವುದೋ ಫಾರಿನ್ ವಿಷಯ ಅಂತ ಅನ್ನಿಸ್ಬಹುದು. ರಾಷ್ಟ್ರಪತಿ ಚುನಾವಣೆ, ರಾಜ್ಯಸಭೆ, ವಿಧಾನ ಪರಿಷತ್ ಮೂರೂ ಹೀಗೇ ನಡೆಯುದು. ಪದವೀಧರರು, ಶಿಕ್ಷಕರು, ಗ್ರಾಮ ಪಂಚಾಯತ್ ಮೆಂಬರುಗಳು ಆಯೋಗ ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲಿ 1, 2 ಅಂತ ಬರೆದವರೇ, ಟಿಕ್ ಹಾಕಿದ್ರೆ ಆ ವೋಟು ಕುಲಗೆಟ್ಟು ಹೋಗ್ತದೆ ಅಂತಲೂ ಅವ್ರಿಗೆ ಗೊತ್ತುಂಟು.

ದಕ್ಷಿಣ ಕನ್ನಡ-ಉಡುಪಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ 2021ರ ಡಿಸೆಂಬರಲ್ಲಿ ಎರಡು ಸೀಟಿಗೆ ಚುನಾವಣೆ ಆಯ್ತು. ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಅವರಿಗೆ 3,672, ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿ ಅವರಿಗೆ 2,079, ಎಸ್‌ಡಿಪಿಐಗೆ 204. ಎರಡು ಸೀಟು ಇದ್ದಾಗ ಮೂರನೇ ಒಂದಕ್ಕಿಂತ ಒಂದು ವೋಟು ಜಾಸ್ತಿ ಇದ್ರೆ ಗೆದ್ದ ಹಾಗೆ, ಅಂದ್ರೆ ಇಲ್ಲಿ 1,986. ಇಬ್ಬರೂ ಮೊದಲ ಸುತ್ತಲ್ಲೇ ದಾಟಿದ್ರು, ಬಿಜೆಪಿಗೊಂದು ಕಾಂಗ್ರೆಸ್ಸಿಗೊಂದು. ಕೋಟ ಅವ್ರು ಸಂಸದರಾದ ಮೇಲೆ 2024ರ ಅಕ್ಟೋಬರಲ್ಲಿ ಖಾಲಿಯಾದ ಒಂದು ಸೀಟಿಗೆ ಉಪಚುನಾವಣೆ. ಬಿಜೆಪಿಯ ಕಿಶೋರ್ ಕುಮಾರ್ ಪುತ್ತೂರು 3,655, ಕಾಂಗ್ರೆಸ್ಸಿನ ರಾಜು ಪೂಜಾರಿ 1,958.

ಎರಡು ಸಲವೂ ವೋಟಿನ ಲೆಕ್ಕ ಹತ್ತಿರ ಹತ್ತಿರ ಒಂದೇ. ಎರಡು ಸೀಟು ಇದ್ದಾಗ ಮೂರನೇ ಒಂದು ಪಾಲಿನವರಿಗೂ ಒಂದು ಸೀಟು ಸಿಕ್ಕಿತು, ಒಂದೇ ಸೀಟು ಇದ್ದಾಗ ಪೂರ್ತಿ ದೊಡ್ಡ ಪಾಲಿಗೆ ಹೋಯ್ತು. ಬ್ಯಾಲೆಟ್ ಪೇಪರ್ ಎರಡು ಸಲವೂ ಅದೇ ತರದ್ದು. ವ್ಯತ್ಯಾಸ ಮಾಡಿದ್ದು ಒಂದು ಕ್ಷೇತ್ರದಲ್ಲಿ ಎಷ್ಟು ಸೀಟು ಅನ್ನುದು. ಈ ಒಂದು ಅಂಶ ಹಿಡ್ಕೊಂಡ್ರೆ ಬೇರೆ ದೇಶಗಳ ಕತೆ ಅರ್ಥ ಆಗ್ತದೆ.

ಶ್ರೀಲಂಕಾ: ರೂಲ್ ಅದೇ, ಲೆಕ್ಕ ಬೇರೆ

ಶ್ರೀಲಂಕಾದಲ್ಲಿ ಮೊದ್ಲು ನಮ್ಮ ಹಾಗೇ ಜಾಸ್ತಿ ವೋಟು ಬಿದ್ದವರು ಗೆಲ್ಲುವ ಪದ್ಧತಿ ಇತ್ತು. 1956ರಲ್ಲಿ ಬಂಡಾರನಾಯ್ಕೆ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಹೇಳಿ ಸುಮಾರು 40% ವೋಟಿಗೆ 95ರಲ್ಲಿ 51 ಸೀಟು ತೆಗೊಂಡ್ರು. ಎದುರು ಪಾರ್ಟಿ ಯುಎನ್‌ಪಿ ಸಹ ಸೋಲುವ ಹೆದರಿಕೆಯಲ್ಲಿ ಚುನಾವಣೆಗೆ ಮುಂಚೆಯೇ ಅದೇ ಘೋಷಣೆಗೆ ಬಂದಿತ್ತು. ಗೆದ್ದ ಮೇಲೆ ತಮಿಳರ ಜೊತೆ ರಾಜಿ ಮಾಡ್ಲಿಕ್ಕೆ ಬಂಡಾರನಾಯ್ಕೆ 1957ರಲ್ಲಿ ಒಪ್ಪಂದ ಮಾಡ್ಕೊಂಡ್ರೆ ಯುಎನ್‌ಪಿ ಅದ್ರ ವಿರುದ್ಧ ಮೆರವಣಿಗೆ ಹೊರಡಿಸ್ತು, ಒಪ್ಪಂದ ಮರುವರ್ಷ ಬಿದ್ದುಹೋಯ್ತು. ಎರಡು ದೊಡ್ಡ ಸಿಂಹಳ ಪಾರ್ಟಿಗಳು ಒಂದೇ ಸಿಂಹಳ ವೋಟಿಗಾಗಿ ಒಬ್ರಿಗಿಂತ ಒಬ್ರು ಗಟ್ಟಿ ಮಾತಾಡುವ ಸ್ಪರ್ಧೆ ಅದು, ಯಾರು ಮೆತ್ತಗಾದ್ರೋ ಅವ್ರು ಸೋತರು. 1977ರಲ್ಲಿ ಯುಎನ್‌ಪಿ ಸುಮಾರು 51% ವೋಟಿಗೆ 168ರಲ್ಲಿ 140 ಸೀಟು ಗೆದ್ದಿತು, ಬಂಡಾರನಾಯ್ಕೆ ಕಟ್ಟಿದ, ಸುಮಾರು 30% ಬಂದ ಎಸ್‌ಎಲ್‌ಎಫ್‌ಪಿಗೆ ಬರೀ 8.

1978ರಲ್ಲಿ ಹೊಸ ಸಂವಿಧಾನ ಬಂತು, ಅಧ್ಯಕ್ಷ ಆಗ್ಬೇಕಾದ್ರೆ ಅರ್ಧ ದಾಟ್ಬೇಕು, ಯಾರೂ ದಾಟದಿದ್ರೆ ಮೊದಲ ಇಬ್ಬರನ್ನು ಬಿಟ್ಟು ಉಳಿದವರ ಬ್ಯಾಲೆಟಲ್ಲಿ ಮುಂದಿನ ಪ್ರಾಶಸ್ತ್ಯ ಎಣಿಸ್ಬೇಕು. ಇದ್ರಿಂದ ಅಲ್ಪಸಂಖ್ಯಾತರ ವೋಟಿಗೆ ಬೆಲೆ ಬರ್ತದೆ ಅನ್ನುವ ನಿರೀಕ್ಷೆ ಇತ್ತು. 2015ರಲ್ಲಿ ಬೆಲೆ ಬಂತು ಸಹ, ಸಿಂಹಳ ವೋಟು ಒಡೆದಿತ್ತು, ಸಿರಿಸೇನ ತಮಿಳರ ಮತ್ತೆ ಮುಸ್ಲಿಮರ ಬೆಂಬಲ ಸೇರಿಸಿ 51% ದಾಟಿದ್ರು. 2019ರಲ್ಲಿ ಈಸ್ಟರ್ ಬಾಂಬ್ ದಾಳಿಯ ನಂತರ ಗೊತಬಯ ರಾಜಪಕ್ಸ ಸಿಂಹಳ ವೋಟನ್ನೇ ಒಟ್ಟು ಮಾಡಿ 52% ತೆಗೊಂಡ್ರು, ಬೇರೆಯವರ ಹತ್ರ ಹೋಗುವ ಅಗತ್ಯವೇ ಬೀಳ್ಲಿಲ್ಲ. ಪುತ್ತೂರಿನ 60%ದ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

2024ರ ಸೆಪ್ಟೆಂಬರಲ್ಲಿ ಮೊದಲ ಸಲ ಯಾರೂ ಅರ್ಧ ದಾಟ್ಲಿಲ್ಲ, ಅನುರ ಕುಮಾರ ದಿಸ್ಸಾನಾಯಕೆಗೆ 42%, ಸಜಿತ್ ಪ್ರೇಮದಾಸಗೆ 33%ದಷ್ಟು. ಎರಡನೇ ಎಣಿಕೆ ಆಯ್ತು. ಉಳಿದವರಿಗೆ ಬಿದ್ದ 33 ಲಕ್ಷಕ್ಕೂ ಜಾಸ್ತಿ ವೋಟಲ್ಲಿ ಈ ಇಬ್ಬರಿಗೆ ಸೇರಿದ್ದು ಸುಮಾರು 2.73 ಲಕ್ಷ ಮಾತ್ರ, ಹೆಚ್ಚಿನವ್ರು ಒಂದೇ ಗುರುತು ಹಾಕಿ ಮನೆಗೆ ಹೋಗಿದ್ರು. ಕಾಗದದಲ್ಲಿ ಹಕ್ಕು ಇದ್ರೂ ಪಾರ್ಟಿಗಳು ಅದನ್ನು ಜನರಿಗೆ ಕಲಿಸದಿದ್ರೆ ಆ ಹಕ್ಕು ಕೆಲಸ ಮಾಡುದಿಲ್ಲ.

ಉತ್ತರ ಐರ್ಲೆಂಡ್: ಒಡೆಯುದನ್ನು ತಡೀಲಿಕ್ಕೆ ರೂಲನ್ನೇ ಬದಲಿಸಿದ್ರು

ಬ್ರಿಟನ್ ಜೊತೆಯೇ ಇರ್ಬೇಕು ಅನ್ನುವ ಪ್ರೊಟೆಸ್ಟಂಟ್ ಯೂನಿಯನಿಸ್ಟರು, ಐರ್ಲೆಂಡಿಗೆ ಸೇರ್ಬೇಕು ಅನ್ನುವ ಕ್ಯಾಥೊಲಿಕ್ ನ್ಯಾಷನಲಿಸ್ಟರು ಅಂತ ಎರಡಾಗಿ ಒಡೆದ ಸಮಾಜ ಅದು. ಅಲ್ಲಿ ಶುರುವಿಗೆ ಒಂದು ಕ್ಷೇತ್ರಕ್ಕೆ ಹಲವು ಸೀಟು, 1, 2, 3 ಬರೆಯುವ ಪದ್ಧತಿ ಇತ್ತು. 1929ರಲ್ಲಿ ಯೂನಿಯನಿಸ್ಟ್ ಸರ್ಕಾರ ಅದನ್ನು ಕಿತ್ತುಹಾಕಿ ಒಂದು ಕ್ಷೇತ್ರ ಒಂದು ಸೀಟು ಮಾಡ್ತು. ಕ್ಯಾಥೊಲಿಕರಿಗಿಂತ ಜಾಸ್ತಿ ಅವ್ರಿಗೆ ಹೆದರಿಕೆ ಇದ್ದದ್ದು ತಮ್ಮದೇ ಕಡೆಯ ಪಕ್ಷೇತರರದ್ದು ಮತ್ತೆ ಲೇಬರ್ ಪಾರ್ಟಿಯದ್ದು, ಕೂಲಿ, ಮನೆ, ಕೆಲಸದ ವಿಷಯಕ್ಕೆ ಪ್ರೊಟೆಸ್ಟಂಟ್ ಕಾರ್ಮಿಕರ ವೋಟು ಅವರಿಗೆ ಹೋಗ್ತಿತ್ತು. ರೂಲ್ ಬದಲಾದ ಮೇಲೆ ಪ್ರತಿ ಚುನಾವಣೆಯೂ ಐರ್ಲೆಂಡ್ ಜೊತೆಗಿನ ಗಡಿ ಉಳೀಬೇಕಾ ಬೇಡ್ವಾ ಅನ್ನುವ ಒಂದೇ ಪ್ರಶ್ನೆಗೆ ಬಂದು ನಿಂತಿತು.

1973ರಲ್ಲಿ ಹಳೆ ಪದ್ಧತಿ ವಾಪಸ್ ಬಂತು, 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರದ ಅಸೆಂಬ್ಲಿಗೂ ಅದೇ. ಈಗ 18 ಕ್ಷೇತ್ರ, ತಲಾ 5 ಸೀಟು, ಒಟ್ಟು 90. ಎರಡೂ ಕಡೆಯದ್ದಲ್ಲದ ಅಲಯನ್ಸ್ ಪಾರ್ಟಿ 2022ರಲ್ಲಿ 17 ಸೀಟು ಗೆದ್ದಿತು, ಯಾಕಂದ್ರೆ ಎರಡೂ ಕಡೆಯ ಮತದಾರರು ತಮ್ಮವರಿಗೆ 1, 2 ಬರೆದ ಮೇಲೆ ಅವ್ರಿಗೆ 3, 4 ಬರೀತಾರೆ. ಒಂದೇ ಸೀಟು ಇದ್ದಿದ್ರೆ ಆ ಪಾರ್ಟಿ ಹೆಚ್ಚಿನ ಕಡೆ ಮೂರನೇ ಸ್ಥಾನದಲ್ಲಿ ಸಾಯ್ತಿತ್ತು.

ಆದ್ರೆ ಕಡು ಪಾರ್ಟಿಗಳು ಹೋಗ್ಲಿಲ್ಲ, 2003ರಿಂದ ಯೂನಿಯನಿಸ್ಟರ ಡಿಯುಪಿ ಮತ್ತೆ ನ್ಯಾಷನಲಿಸ್ಟರ ಸಿನ್ ಫೇನ್ ತಮ್ಮ ತಮ್ಮ ಕಡೆಯಲ್ಲಿ ದೊಡ್ಡವಾಗಿವೆ. ಅತಿ ದೊಡ್ಡ ಪಾರ್ಟಿಗೆ ನಮ್ಮ ಮುಖ್ಯಮಂತ್ರಿಯ ಹಾಗಿನ ಫಸ್ಟ್ ಮಿನಿಸ್ಟರ್ ಪದವಿ ಅನ್ನುವ ರೂಲ್ ಪಕ್ಕದಲ್ಲೇ ಕೂತಿದೆ, ಹಾಗಾಗಿ ನಮಗೆ ವೋಟು ಹಾಕದಿದ್ರೆ ಆಚೆಯವರಿಗೆ ಆ ಕುರ್ಚಿ ಹೋಗ್ತದೆ ಅಂತ ಹೆದರಿಸುದು ಸುಲಭ. 2022ರಲ್ಲಿ ಸಿನ್ ಫೇನಿಗೆ 27, ಡಿಯುಪಿಗೆ 25 ಬಂತು, ಕುರ್ಚಿ ಹೋಯ್ತು. ಒಂದು ರೂಲ್ ಮೆತ್ತಗೆ ಮಾಡ್ತದೆ, ಪಕ್ಕದ ಇನ್ನೊಂದು ರೂಲ್ ಕಾವೇರಿಸ್ತದೆ.

ವಿದ್ವಾಂಸರು ಒಪ್ಪಿಕೊಳ್ಳದ ಜಾಗ

ಈ ವಿಷಯದಲ್ಲಿ ದೊಡ್ಡ ಹೆಸರುಗಳು ಎರಡು. ಆರೆಂಡ್ ಲೈಪ್‌ಹಾರ್ಟ್ ಹೇಳುದು, ಪ್ರತಿ ಗುಂಪಿಗೂ ಅದರ ವೋಟಿನಷ್ಟು ಸೀಟು ಕೊಡಿ, ನಾಯಕರು ಗೆದ್ದ ಮೇಲೆ ಕೂತು ಅಧಿಕಾರ ಹಂಚಿಕೊಳ್ಳಲಿ. ಡೊನಾಲ್ಡ್ ಹೊರೊವಿಟ್ಜ್ ಹೇಳುದು, ಗೆದ್ದ ಮೇಲೆ ಯಾಕೆ ಹಂಚಿಕೊಳ್ತಾರೆ, ಗೆಲ್ಲುವ ಮುಂಚೆಯೇ ಬೇರೆ ಗುಂಪಿನ ವೋಟು ಬೇಕಾಗುವ ಹಾಗೆ ರೂಲ್ ಮಾಡಿ. ನೈಜೀರಿಯಾದಲ್ಲಿ ಅಧ್ಯಕ್ಷ ಆಗ್ಬೇಕಾದ್ರೆ ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕನಿಷ್ಠ 25% ವೋಟು ಬೇಕು, ಹಾಗಾಗಿ ತನ್ನ ಊರಿನ ವೋಟು ಮಾತ್ರ ನಂಬಿ ಯಾರೂ ನಿಲ್ಲುವ ಹಾಗಿಲ್ಲ. ಫಿಜಿಯಲ್ಲಿ 1997ರ ಸಂವಿಧಾನ ಪ್ರಾಶಸ್ತ್ಯದ ವೋಟು ತಂತು, 1999ರಲ್ಲಿ ಭಾರತೀಯ ಮೂಲದ ಮಹೇಂದ್ರ ಚೌಧರಿ ಪ್ರಧಾನಿ ಆದ್ರು, ಮರುವರ್ಷ ಮೇಯಲ್ಲಿ ಬಂದೂಕು ಹಿಡಿದವ್ರು ಪಾರ್ಲಿಮೆಂಟಿಗೆ ನುಗ್ಗಿದ್ರು. ಎಣಿಕೆಯ ರೂಲ್ ಮಾತ್ರ ಸಮಾಜವನ್ನು ಸರಿಮಾಡ್ತದೆ ಅಂತ ನಂಬಿದವರಿಗೆ ಫಿಜಿ ದೊಡ್ಡ ಎಚ್ಚರಿಕೆ.

ಅಂಬೇಡ್ಕರ್ ಬೇಡ ಅಂದದ್ದು ಯಾಕೆ

ನಮ್ಮಲ್ಲಿ ಈ ಚರ್ಚೆ ಹೊಸತಲ್ಲ. 1909ರಲ್ಲಿ ಬ್ರಿಟಿಷರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ರು, ಮುಸ್ಲಿಂ ಸೀಟಿಗೆ ಮುಸ್ಲಿಂ ಮತದಾರರು ಮಾತ್ರ. ಆ ಅಭ್ಯರ್ಥಿ ಹಿಂದೂಗಳ ಹತ್ರ ಹೋಗ್ಬೇಕಾಗಿರ್ಲಿಲ್ಲ, ಹಿಂದೂ ಅಭ್ಯರ್ಥಿ ಮುಸ್ಲಿಮರ ಹತ್ರ ಹೋಗ್ಬೇಕಾಗಿರ್ಲಿಲ್ಲ. ದೇಶ ಇಬ್ಭಾಗ ಆದ ಮೇಲೆ ಸಂವಿಧಾನ ಆ ದಾರಿಯನ್ನೇ ಮುಚ್ಚಿತು, 325ನೇ ವಿಧಿ ಎಲ್ಲರಿಗೂ ಒಂದೇ ಮತದಾರರ ಪಟ್ಟಿ ಅಂತ ಹೇಳ್ತದೆ. ಸಂವಿಧಾನ ಸಭೆಯಲ್ಲಿ ಅನುಪಾತದ ಪದ್ಧತಿ, ಅಂದ್ರೆ ವೋಟಿನ ಪಾಲಿಗೆ ತಕ್ಕಷ್ಟು ಸೀಟು ಕೊಡುವ ಪದ್ಧತಿ ಬೇಕು ಅಂತ ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ತಂದಾಗ ಅಂಬೇಡ್ಕರ್ ಒಪ್ಲಿಲ್ಲ. ಅವ್ರ ಕಾರಣ ಎರಡು, ಅಕ್ಷರ ಬಾರದ ದೇಶಕ್ಕೆ ಅದು ಕಷ್ಟ, ಮತ್ತೆ ಶಾಸನಸಭೆ ಚೂರುಚೂರಾಗಿ ಸರ್ಕಾರ ನಿಲ್ಲುದಿಲ್ಲ. ಮೊದಲ ಕಾರಣ ಈಗ, ಅದ್ರಲ್ಲೂ ಈ ಎರಡು ಜಿಲ್ಲೆಗಳಲ್ಲಿ, ಹೇಳ್ಲಿಕ್ಕೇ ಆಗುದಿಲ್ಲ. ಎರಡನೆಯದ್ದು ಇವತ್ತಿಗೂ ಗಟ್ಟಿ ವಾದ.

ಒಟ್ಟಿಗೆ ವೋಟು ಹಾಕುವ ಪದ್ಧತಿಯ ಒಳ್ಳೇದೂ ಕೆಟ್ಟದ್ದೂ ಸುಳ್ಯದಲ್ಲಿ ಕಾಣ್ತದೆ. ಅದು ಪರಿಶಿಷ್ಟ ಜಾತಿಗೆ ಮೀಸಲು, ಆದ್ರೆ ವೋಟು ಎಲ್ಲರದ್ದು. ಎಸ್. ಅಂಗಾರ 1994ರಿಂದ 2018ರ ತನಕ ಸತತ ಆರು ಸಲ ಗೆದ್ರು, ಗೌಡರ, ಬಂಟರ, ಬಿಲ್ಲವರ, ಎಲ್ಲರ ಮನೆಗೂ ಹೋಗಲೇಬೇಕಾದ ಕ್ಷೇತ್ರ ಅದು, ಹಾಗಾಗಿ ಅಲ್ಲಿ ದಲಿತ ಅಭ್ಯರ್ಥಿಯ ವಿರುದ್ಧ ಜಾತಿ ಹಿಡಿದು ಮಾತಾಡಿ ಯಾರೂ ಲಾಭ ಮಾಡ್ಲಿಕ್ಕಾಗುದಿಲ್ಲ. ಅದೇ ಕಾರಣಕ್ಕೆ, ಬೇರೆಯವರಿಗೆ ಇಷ್ಟ ಆಗದ ದಲಿತರ ಬೇಡಿಕೆಯನ್ನು ಗಟ್ಟಿಯಾಗಿ ಹೇಳುವವ್ರು ಅಂಥ ಸೀಟಲ್ಲಿ ಗೆಲ್ಲುದು ಕಷ್ಟ, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ ಬದಲು ಮೀಸಲು ಸೀಟು ಕೊಟ್ಟ 1932ರ ಪೂನಾ ಒಪ್ಪಂದದ ನಂತರ ಅಂಬೇಡ್ಕರ್ ಮಾಡಿದ ಆಕ್ಷೇಪ ಅದುವೇ ಆಗಿತ್ತು.

ಎಲ್ಲಿಂದ ಶುರು ಮಾಡ್ಬಹುದು

ಲೋಕಸಭೆಗೆ ಅನುಪಾತದ ಕೆಲವು ಸೀಟು ಸೇರಿಸಿ ಅಂತ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲೇ ಹೇಳಿತ್ತು, ಯಾವ ಸರ್ಕಾರವೂ ಮುಟ್ಲಿಲ್ಲ. ಇಡೀ ದೇಶಕ್ಕೆ ಒಂದೇ ಸಲ ಪಟ್ಟಿ ಪದ್ಧತಿ, ಅಂದ್ರೆ ಪಾರ್ಟಿಗೆ ಬಿದ್ದ ವೋಟಿನಷ್ಟು ಸೀಟು ಅದರ ಪಟ್ಟಿಯಿಂದ ತುಂಬುವ ಪದ್ಧತಿ ತಂದ್ರೆ ಇನ್ನೊಂದು ಅಪಾಯವೂ ಉಂಟು, 5% ವೋಟಿಗೂ ಸೀಟು ಸಿಗುವಾಗ ಆ 5%ವನ್ನು ಮಾತ್ರ ಕೆರಳಿಸಿ ಬದುಕುವ ಪಾರ್ಟಿಗಳು ಎರಡೂ ಕಡೆಯಿಂದ ಏಳ್ತವೆ. ಕರಾವಳಿಯಲ್ಲಿ ಅಂಥವಕ್ಕೆ ಜನ ಸಿಗುದಿಲ್ಲ ಅಂತ ಯಾರೂ ಹೇಳ್ಲಿಕ್ಕಾಗುದಿಲ್ಲ. ಹಾಗಾಗಿ ಪಟ್ಟಿಗಿಂತ, ನಾಲ್ಕೈದು ಸೀಟಿನ ಕ್ಷೇತ್ರ ಮತ್ತೆ 1, 2, 3 ಬರೆಯುವ ಬ್ಯಾಲೆಟ್ ಎರಡನ್ನೂ ಸೇರಿಸಿದ ಪದ್ಧತಿ ನಮ್ಮ ಜಾಗಕ್ಕೆ ಹೊಂದ್ತದೆ, ಅದನ್ನು ಸ್ಥಳೀಯ ಸಂಸ್ಥೆಯಲ್ಲಿ ಮೊದ್ಲು ನೋಡ್ಬೇಕು.

ಮಂಗಳೂರು ಮಹಾನಗರ ಪಾಲಿಕೆಯನ್ನೇ ತೆಗೊಳ್ಳಿ. 60 ವಾರ್ಡು, 2019ರಲ್ಲಿ ಬಿಜೆಪಿಗೆ 44, ಕಾಂಗ್ರೆಸ್ಸಿಗೆ 14, ಎಸ್‌ಡಿಪಿಐಗೆ 2. ಇದನ್ನೇ 5 ಸೀಟಿನ 12 ದೊಡ್ಡ ವಾರ್ಡು ಮಾಡಿದ್ರೆ ಗೆಲ್ಲಲಿಕ್ಕೆ ಆರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ವೋಟು ಸಾಕು, ಸುಮಾರು 17%. ಕದ್ರಿ ಕಡೆ ಕಾಂಗ್ರೆಸ್ಸಿಗೂ, ಬಂದರ್ ಕಡೆ ಬಿಜೆಪಿಗೂ ದುಡಿಯಲಿಕ್ಕೆ ಕಾರಣ ಸಿಗ್ತದೆ. ಮೊದಲ ಪ್ರಾಶಸ್ತ್ಯದಲ್ಲಿ 11-12% ಬಂದು ನಿಂತವರಿಗೆ ಉಳಿದದ್ದು ಬೇರೆಯವರ 2, 3ರಿಂದ ಬರ್ಬೇಕು, ಅಂದ್ರೆ ಪಕ್ಕದ ಬೀದಿಯ ಬ್ಯಾರಿಗಳ, ಕ್ಯಾಥೊಲಿಕರ, ಮೊಗವೀರರ ಮನೆಯಲ್ಲಿ ಕೂತು ನೀರು, ಚರಂಡಿ, ಕಸದ ಬಗ್ಗೆ ಮಾತಾಡ್ಬೇಕು, ಮೊದಲ ವೋಟು ಕೊಡದಿದ್ರೂ ಎರಡನೆಯದ್ದು ಕೊಡಿ ಅಂತ ಕೇಳ್ಬೇಕು. ಮೊನ್ನೆ ಬೈದವರ ಹತ್ರ ಇವತ್ತು ಹಾಗೆ ಕೇಳ್ಲಿಕ್ಕೆ ಬಾಯಿ ಬರುದಿಲ್ಲ, ಹಾಗಾಗಿ ಬೈಯುದು ಸ್ವಲ್ಪ ಕಮ್ಮಿ ಆಗ್ತದೆ. ಪೂರ್ತಿ ನಿಲ್ತದೆ ಅಂತ ಅಲ್ಲ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲೂ ಪೂರ್ತಿ ನಿಲ್ಲಿಲ್ಲ.

ಒಂದು ವಾರ್ಡಿಗೆ ಹಲವು ಸೀಟು ನಮ್ಮ ಜನಕ್ಕೆ ಹೊಸತಲ್ಲ, ಗ್ರಾಮ ಪಂಚಾಯತಲ್ಲಿ ಈಗ್ಲೂ ಹಾಗೇ ಉಂಟು, ಮೀಸಲಾತಿಯೂ ಅದ್ರೊಳಗೇ ನಡೀತದೆ. ಅಲ್ಲಿಯ ತೊಂದ್ರೆ ಎಂತ ಅಂದ್ರೆ ಎಷ್ಟು ಸೀಟೋ ಅಷ್ಟು ವೋಟು, ಹಾಗಾಗಿ ಒಂದೇ ಗುಂಪು ಎಲ್ಲ ಸೀಟನ್ನೂ ಗುಡಿಸಿಕೊಂಡು ಹೋಗ್ಬಹುದು. ಮಹಾರಾಷ್ಟ್ರದ ಪಾಲಿಕೆಗಳ ಬಹುಸದಸ್ಯ ವಾರ್ಡುಗಳಲ್ಲೂ ಇದೇ ತೊಂದ್ರೆ. ಸೀಟು ಹಲವು ಇದ್ರೆ ಸಾಲದು, ಒಬ್ಬ ಮತದಾರನ ವೋಟು ಒಂದೇ ಇರ್ಬೇಕು, ಅದು 1ರಿಂದ 2ಕ್ಕೆ, 2ರಿಂದ 3ಕ್ಕೆ ದಾಟುವ ಹಾಗೆ ಇರ್ಬೇಕು.

ಇದಕ್ಕೆ ಸಂಸತ್ತಿಗೆ ಹೋಗ್ಬೇಕಂತ ಇಲ್ಲ. ನಗರ ಸಂಸ್ಥೆಗಳ ಚುನಾವಣೆಗೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 243ಝಡ್‌ಎ ವಿಧಿ ರಾಜ್ಯ ಶಾಸಕಾಂಗಕ್ಕೆ ಕೊಟ್ಟಿದೆ, ತಿದ್ದಬೇಕಾದ್ದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಶನ್ ಕಾಯ್ದೆ. ವೋಟಿಂಗ್ ಮೆಷಿನಲ್ಲಿ 1, 2, 3 ಒತ್ತಲಿಕ್ಕೆ ಆಗುದಿಲ್ಲ ಅನ್ನುದು ದೊಡ್ಡ ಅಡ್ಡಿಯಾಗಿತ್ತು, ಆದ್ರೆ ಸ್ಥಳೀಯ ಚುನಾವಣೆ ಬ್ಯಾಲೆಟ್ ಪೇಪರಲ್ಲಿ ನಡೀಲಿ ಅಂತ ರಾಜ್ಯ ಸಚಿವ ಸಂಪುಟವೇ 2025ರ ಸೆಪ್ಟೆಂಬರಲ್ಲಿ ಶಿಫಾರಸು ಮಾಡಿದೆ. ಹಾಗಾಗಿ ಈಗ ಉಳಿದಿರುವ ಅಡ್ಡಿ ಪೂರ್ತಿ ರಾಜಕೀಯದ್ದು. ಮಂಗಳೂರಲ್ಲಿ 60ರಲ್ಲಿ 44 ಗೆದ್ದ ಬಿಜೆಪಿಗೆ ಈ ಬದಲಾವಣೆಯಿಂದ ಸೀಟು ಕಮ್ಮಿ ಆಗ್ತದೆ, ತನ್ನ ಗಟ್ಟಿ ಜಾಗಗಳಲ್ಲಿ ಕಾಂಗ್ರೆಸ್ಸಿಗೂ ಅದೇ ನಷ್ಟ, ಮಸೂದೆ ತರಬೇಕಾದವ್ರು ಆ ಎರಡು ಪಾರ್ಟಿಯವರೇ.